ಇಬ್ಬರಿಗೆ ಒಂದೇ ಆರತಿ

ನಮ್ಮ ಮನೆಯ ಹೊಸ್ತಿಲು ದಾಟಿದವರಿಗೆ ಮೊದಲು ಕಾಣುತ್ತಿದ್ದುದು ಸೊಂಟದಿಂದ ಮೇಲಿನ ಅಪ್ಪ. ಪಡಸಾಲೆಯ ಅರ್ಧ ಜಾಗ ಮಗ್ಗಕ್ಕೆ ಹೋಗಿತ್ತು. ಅದರ ಮುಂದೆ ನೆಲದಲ್ಲಿ ತೋಡಿದ ಕುಣಿಗೆ ಕಾಲು ಇಳಿಬಿಟ್ಟು ಅವನು ಬೆಳಗಿನಿಂದ ದೀಪ ಹಚ್ಚುವ ಹೊತ್ತಿನವರೆಗೆ ಕುಳಿತಿರುತ್ತಿದ್ದ. ಬಂದವರು ತಲೆ ಬಗ್ಗಿಸಿಯೇ ಅವನನ್ನು ಮಾತಾಡಿಸಬೇಕಾಗುತ್ತಿತ್ತು. ಇಳಕಲ್ಲಿನ ನಮ್ಮ ಓಣಿಯ ಗಂಡಸರೆಲ್ಲ ಹೀಗೆ ಅರ್ಧ ನೆಲದೊಳಗೇ ಇದ್ದವರು. ನೆಲದ ಮೇಲಿನ ವ್ಯವಹಾರವನ್ನೆಲ್ಲ ಹೆಂಗಸರು ನೋಡಿಕೊಳ್ಳುತ್ತಿದ್ದರು. ನಮ್ಮ ಮನೆಯಲ್ಲಿ ಆ ವ್ಯವಹಾರ ಆಯಿಯ ಕೈಯಲ್ಲಿತ್ತು. ಆಯಿ ಅಂದರೆ ಅಪ್ಪನ ತಾಯಿ. ಅಡುಗೆಮನೆಗೂ ಪಡಸಾಲೆಗೂ ನಡುವಿನ ಬಾಗಿಲಲ್ಲಿ ಕಾಲು ಚಾಚಿ ಕುಳಿತುಕೊಂಡರೆ ಒಲೆಯ ಮೇಲೇನಿದೆ, ಮಗ್ಗದ ಮೇಲೇನಿದೆ, ಬೀದಿಯಲ್ಲಿ ಯಾರು ಹೋದರು ಎಲ್ಲವೂ ಅವಳಿಗೆ ಕಾಣುತ್ತಿತ್ತು. ಅವ್ವ ಆ ಚಾಚಿದ ಕಾಲು ದಾಟಿ ದಿನವಿಡೀ ಓಡಾಡುತ್ತಿದ್ದಳು. ನಾನೂ ನನ್ನ ತಂಗಿ ಗಿರಿಜಾಳೂ ಶಾಲೆಯಿಂದ ಬಂದವರೇ ಅಪ್ಪನ ಲಾಳಿಗೆ ನೂಲಿನ ಕಂಡಿಕೆ ಸುತ್ತಿಕೊಡಲು ಕೂರುತ್ತಿದ್ದೆವು. ಸೀರೆಯ ಒಡಲಿನ ನೂಲಿಗೆ ಸೆರಗಿನ ರೇಷ್ಮೆ ಎಳೆಗಳನ್ನು ಕೊಂಡಿ ಹಾಕಿ ಜೋಡಿಸುವ ದಿನ ಮಾತ್ರ ಆಯಿ ಕಾಲು ಮಡಚಿಕೊಳ್ಳುತ್ತಿದ್ದಳು, ಏಕೆಂದರೆ ಆ ಕೆಲಸಕ್ಕೆ ಮನೆಯ ಬೆರಳುಗಳೆಲ್ಲ ಬೇಕಾಗುತ್ತಿದ್ದವು.

ಗಿರಿಜಾ ನನಗಿಂತ ಎರಡು ವರ್ಷಕ್ಕೆ ಚಿಕ್ಕವಳು. ಬೆಳೆಯುವ ವಿಷಯದಲ್ಲಿ ಮಾತ್ರ ಅವಳು ನನಗೆ ಯಾವ ಮರ್ಯಾದೆಯನ್ನೂ ಕೊಡಲಿಲ್ಲ. ನಾನು ಎಂಟನೆಯ ತರಗತಿಗೆ ಬರುವಷ್ಟರಲ್ಲಿ ಎತ್ತರದಲ್ಲಿ ನನ್ನನ್ನು ದಾಟಿದ್ದಳು. ನೆಂಟರು ಅವಳನ್ನೇ ಅಕ್ಕ ಅಂದುಕೊಂಡು ಮಾತಾಡಿಸಿದರೆ ತಿದ್ದುತ್ತಲೂ ಇರಲಿಲ್ಲ. ಒಂಬತ್ತನೆಯ ತರಗತಿಯಲ್ಲಿ ನನ್ನ ಜೊತೆಯ ಹುಡುಗಿಯರು ಒಬ್ಬೊಬ್ಬರಾಗಿ ಕೆಲವು ದಿನ ಶಾಲೆ ತಪ್ಪಿಸಿ, ಕೈತುಂಬ ಹಸಿರು ಬಳೆ ಹಾಕಿಕೊಂಡು, ಏನೋ ಗುಟ್ಟು ತಿಳಿದವರ ಹಾಗೆ ತಿರುಗಿ ಬರತೊಡಗಿದರು. ದೊಡ್ಡವಳಾಗುವುದು ಎಂದರೆ ಏನೆಂದು ನನಗೆ ಗೊತ್ತಿತ್ತು. ನನಗೆ ಯಾವಾಗ ಎಂದಷ್ಟೇ ಗೊತ್ತಿರಲಿಲ್ಲ. ನಮ್ಮ ಹಿಂದಿನ ಓಣಿಯಲ್ಲಿ ಸಂಗವ್ವ ಎಂಬವಳಿದ್ದಳು. ಅವಳು ದೊಡ್ಡವಳಾಗಲೇ ಇಲ್ಲವಂತೆ. ಅದನ್ನು ಮುಚ್ಚಿಟ್ಟು ಮದುವೆ ಮಾಡಿದ್ದರು, ಗಂಡನ ಮನೆಯವರು ತಿರುಗಿ ತಂದು ಬಿಟ್ಟುಹೋಗಿದ್ದರು. ಅಣ್ಣನ ಮನೆಯಲ್ಲಿ ನೂಲು ಬಿಡಿಸುತ್ತ ಕೂರುವ ಅವಳನ್ನು ಯಾರೂ ಉಡಿ ತುಂಬಲು ಕರೆಯುತ್ತಿರಲಿಲ್ಲ. ಅವಳ ಮನೆಯ ಮುಂದೆ ಹಾಯುವಾಗ ನಾನು ಬೇರೆ ಕಡೆ ನೋಡುತ್ತ ಹೋಗುತ್ತಿದ್ದೆ. ನನಗೆ ಆ ಹೆಂಗಸಿನ ಬಗ್ಗೆ ಮರುಕವೇನೂ ಇರಲಿಲ್ಲ, ಭಯವಿತ್ತು.

ಒಂದು ಬೆಳಿಗ್ಗೆ ಗಿರಿಜಾ ಹಿತ್ತಲಿನಿಂದ ಅಳುತ್ತ ಬಂದಳು. ಅವ್ವ ಅವಳನ್ನು ಬಚ್ಚಲಿಗೆ ಕರೆದುಕೊಂಡು ಹೋಗಿ, ಸ್ವಲ್ಪ ಹೊತ್ತಿಗೆ ಹೊರಬಂದು, ಆಯಿಯ ಕಿವಿಯಲ್ಲಿ ಏನೋ ಹೇಳಿದಳು. ಆಯಿ ಕಿವಿಮಾತನ್ನು ಕಿವಿಯಲ್ಲಿ ಇಟ್ಟುಕೊಂಡವಳೇ ಅಲ್ಲ.

"ಸಣ್ಣಾಕಿ ಆದ್ಲೇನು? ಮತ್ತ ದೊಡ್ಡಾಕಿ?"

ಅವ್ವ ನನ್ನ ಕಡೆ ನೋಡಿದಳು. ನಾನು ರೊಟ್ಟಿ ತಿನ್ನುತ್ತಿದ್ದೆ, ತಟ್ಟೆಯಲ್ಲಿ ಶೇಂಗಾ ಹಿಂಡಿ ಮುಗಿದಿತ್ತು, ಇನ್ನಷ್ಟು ಕೇಳಲು ನಾಚಿಕೆಯಾಯಿತು.

ನಮ್ಮಲ್ಲಿ ಹೆಣ್ಣುಮಗು ದೊಡ್ಡವಳಾದರೆ ಸುದ್ದಿ ಮೊದಲು ಸೋದರಮಾವನ ಮನೆಗೆ ಹೋಗಬೇಕು. ಅವರು ಸೀರೆ, ಕುಪ್ಪಸಕ್ಕೆ ಗುಳೇದಗುಡ್ಡದ ಖಣ, ಉಡಿ ತುಂಬುವ ಸಾಮಾನು ತರಬೇಕು. ಹುಡುಗಿಯನ್ನು ಕೂಡಿಸಿ ಓಣಿಯ ಹೆಂಗಸರು ಆರತಿ ಎತ್ತಿ ಹಾಡಬೇಕು. ನಮ್ಮ ಸೋದರಮಾವ ಇದ್ದುದು ಹುನಗುಂದದಲ್ಲಿ. ಅವನ ಮಗ ಈರಣ್ಣ ಅಲ್ಲಿ ಬಸ್‌ ಸ್ಟ್ಯಾಂಡಿನ ಬಳಿ ಸೈಕಲ್ ಅಂಗಡಿ ಇಟ್ಟಿದ್ದ. ಅವನಿಗೆ ನನ್ನನ್ನು ಕೊಡುವುದೆಂದು ನಾನು ತೊಟ್ಟಿಲಲ್ಲಿದ್ದಾಗಲೇ ಮಾತಾಗಿತ್ತು. ಈಗ ಕಿರಿಯವಳಿಗೆ ಆರತಿ ಮಾಡಿದರೆ ಹಿರಿಯವಳಿಗೆ ಯಾಕಿಲ್ಲ ಎಂಬ ಪ್ರಶ್ನೆ ಏಳುತ್ತದೆ. ಮಾಡದಿದ್ದರೆ ಮಾವನ ಮನೆಗೆ ಅವಮಾನ. ಆಯಿ ಮಧ್ಯಾಹ್ನದವರೆಗೆ ಯೋಚಿಸಿ, ಊಟ ಮುಗಿಸಿ, ಬಾಯಿಗೆ ಎಲೆ ಅಡಿಕೆ ಹಾಕಿಕೊಂಡ ಮೇಲೆ ತೀರ್ಪು ಕೊಟ್ಟಳು.

"ಇಬ್ಬರನ್ನೂ ಕೂಡಿಸ್ರಿ. ಇಬ್ಬರಿಗೂ ಆಗೇತಿ ಅಂತ ಹುನಗುಂದಕ್ಕ ಹೇಳಿ ಕಳಸ್ರಿ."

ಮಗ್ಗದ ಸದ್ದು ನಿಂತಿತು. ಅಪ್ಪ ಕುಣಿಯೊಳಗಿಂದಲೇ ಕೇಳಿದ.

"ಆಗದ್ದಕ್ಕ ಆರತಿ ಎತ್ತೂದೇನವ್ವಾ?"

"ಇವತ್ತಲ್ಲ ನಾಳೆ ಆಗೂದs. ನಾಕ ದಿನ ಹಿಂದ ಮುಂದ. ಒಂದ ಖರ್ಚಿನ್ಯಾಗ ಮುಗದು ಹೋಗತೈತಿ."

"ಸುಳ್ಳು ಹೇಳಿ ಉಡಿ ತುಂಬಸ್ಕೊಳ್ಳೂದು ಬರೋಬರಿ ಅಲ್ಲ. ಇದ್ದದ್ದು ಇದ್ದಂಗ ಇರ್ಲಿ. ಸಣ್ಣಾಕೀಗೆ ಆಗೇತಿ, ಸಣ್ಣಾಕೀಗೆ ಮಾಡ್ರಿ."

"ನೀ ಕುಣ್ಯಾಗ ಇರಾಂವ, ಕುಣ್ಯಾಗs ಇರು. ಸಂಗವ್ವನ ಹೆಸರಿನ ಜೋಡಿ ನಿನ್ನ ಮಗಳ ಹೆಸರು ಹಚ್ಚಿದ್ರ ಆಗ ಮಂದಿಗೆ ನೀನs ಹೇಳಾಕ ಹೋಗ್ತಿಯೇನು?"

ಅಪ್ಪ ಬಸವಣ್ಣನ ಮಾತನ್ನು ಓಣಿಯ ಉಳಿದವರಿಗಿಂತ ಸ್ವಲ್ಪ ಹೆಚ್ಚೇ ಅಕ್ಷರಶಃ ತೆಗೆದುಕೊಂಡವನು. ಸೀರೆಯಲ್ಲಿ ಎಳೆ ಕಡಿದಿದ್ದರೆ ಕೊಳ್ಳುವವನಿಗೆ ತಾನೇ ಬೆರಳಿಟ್ಟು ತೋರಿಸುತ್ತಿದ್ದ. ಆದರೆ ತಾಯಿಯ ಎದುರು ಅವನ ಸತ್ಯಕ್ಕೆ ಯಾವತ್ತೂ ಎರಡನೆಯ ಮಾತು ಇರುತ್ತಿರಲಿಲ್ಲ. ಮಗ್ಗ ಮತ್ತೆ ಶುರುವಾಯಿತು. ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ಹೂಂ ಅನ್ನುತ್ತಿದ್ದೆನೆಂದು ಈಗಲೂ ಅನ್ನಿಸುತ್ತದೆ, ಏಕೆಂದರೆ ಗಿರಿಜಾ ಒಬ್ಬಳೇ ಕುರ್ಚಿಯ ಮೇಲೆ ಕೂತು ನಾನು ಆರತಿಯ ತಟ್ಟೆ ಹಿಡಿದು ನಿಲ್ಲುವ ಚಿತ್ರ ನನಗೆ ಸುಳ್ಳಿಗಿಂತ ಕೆಟ್ಟದಾಗಿ ಕಂಡಿತ್ತು.

ಆಮೇಲಿನ ದಿನಗಳು ನನ್ನ ಪಾಲಿಗೆ ತಿನ್ನುವ ದಿನಗಳಾದವು. ಕೊಬ್ಬರಿ, ಬೆಲ್ಲ, ಉತ್ತತ್ತಿ, ತುಪ್ಪದಲ್ಲಿ ಹುರಿದ ಅಂಟು, ಮೆಂತ್ಯದ ಹಿಟ್ಟು. ಸೊಂಟ ಗಟ್ಟಿಯಾಗಲೆಂದು ಗಿರಿಜಾಳಿಗೆ ಕೊಟ್ಟದ್ದನ್ನೆಲ್ಲ ನನಗೂ ಕೊಟ್ಟರು. ಗಿರಿಜಾ ಹೊಟ್ಟೆನೋವೆಂದು ಬೇಡ ಅಂದದ್ದನ್ನೂ ನಾನೇ ತಿಂದೆ. ಹೆಂಗಸರು ತಿಂಡಿಯ ಡಬ್ಬಿ ಹಿಡಿದು ಬಂದು, ನನ್ನ ಗಲ್ಲ ಮುಟ್ಟಿ, ಮುಖಕ್ಕೆ ಕಳೆ ಬಂದಿದೆ ಅನ್ನುತ್ತಿದ್ದರು. ಬಂದದ್ದು ಬೆಲ್ಲದ ಕಳೆ. ನಾನು ಎಷ್ಟು ಕುಗ್ಗಬೇಕು, ಎಷ್ಟು ನಾಚಬೇಕು ಎಂದು ತಿಳಿಯದೆ ಗಿರಿಜಾಳನ್ನು ನೋಡಿ ಅವಳು ಮಾಡಿದಂತೆ ಮಾಡುತ್ತಿದ್ದೆ. ಅವಳು ತಲೆ ತಗ್ಗಿಸಿದರೆ ನಾನೂ ತಗ್ಗಿಸುತ್ತಿದ್ದೆ. ಅಕ್ಕ ತಂಗಿಯನ್ನು ನೋಡಿ ಕಲಿಯುವುದು ನಮ್ಮ ಮನೆಯಲ್ಲಿ ಆಗ ಶುರುವಾಯಿತು.

ಆರತಿಯ ದಿನ ಅಪ್ಪ ಮಗ್ಗಕ್ಕೆ ಬಟ್ಟೆ ಹೊದಿಸಿ ಎಲ್ಲಿಗೋ ಹೋದ. ಪಡಸಾಲೆಯಲ್ಲಿ ಎರಡು ಕುರ್ಚಿ ಹಾಕಿ, ಹಿಂದೆ ಬಾಳೆಯ ಗಿಡ ಕಟ್ಟಿದರು. ಹುನಗುಂದದ ಮಾವ ಎರಡು ಸೀರೆ ತಂದಿದ್ದ. ನನ್ನದು ದಾಳಿಂಬೆ ಬಣ್ಣದ್ದು, ಗಿರಿಜಾಳದು ಹಸಿರು. ಓಣಿಯ ತುದಿಯ ಹುಸೇನಬಿ ಬಳೆಯ ಬುಟ್ಟಿ ಹೊತ್ತು ಬಂದಳು; ನಮ್ಮ ಓಣಿಯ ಹೆಣ್ಣುಮಕ್ಕಳಿಗೆಲ್ಲ ಮೊದಲ ಹಸಿರು ಬಳೆ ಇಡುತ್ತಿದ್ದವಳು ಅವಳೇ. ಅತ್ತೆ, ಅಂದರೆ ಮಾವನ ಹೆಂಡತಿ, ಹುಸೇನಬಿಯ ಪಕ್ಕ ಕೂತು ಏನೋ ಪಿಸುಗುಟ್ಟಿ ನಕ್ಕಳು. ಸೀರೆ ಉಟ್ಟ ನನಗೆ ಕುರ್ಚಿಯ ಮೇಲೆ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಹೆಂಗಸರು ಹಾಡಿದರು. ಹಾಡಿನಲ್ಲಿ ನನ್ನ ಹೆಸರು ಬಂದಾಗ ಧ್ವನಿ ಇನ್ನಷ್ಟು ಏರಿಸಿದರು. ಉಡಿಯಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿನದ ಕೊಂಬು ಬಿದ್ದು ಭಾರವಾಯಿತು. ನನಗೆ ಸಂತೋಷವಾಯಿತು, ಸುಳ್ಳು ಯಾಕೆ ಹೇಳಲಿ. ಭಯವಾದದ್ದು ಹೆಂಗಸರೆಲ್ಲ ಎದ್ದು ಹೋಗಿ, ಅವ್ವ ಉಡಿಯ ಅಕ್ಕಿಯನ್ನು ಡಬ್ಬಿಗೆ ಸುರಿಯುವಾಗ. ಇನ್ನು ಆಗಲೇಬೇಕು ಎಂದು ಆಗ ಹೊಳೆಯಿತು.

ಆಗಲಿಲ್ಲ. ಆಯಿ ಹೇಳಿದ ನಾಲ್ಕು ದಿನ ತಿಂಗಳುಗಳಾದವು, ಬೇಸಿಗೆ ಕಳೆದು ಮಳೆಗಾಲ ಬಂತು. ಬೇರೆ ಮನೆಯಾಗಿದ್ದರೆ ಸುಳ್ಳು ಎಂದೋ ಬಯಲಾಗುತ್ತಿತ್ತು, ಏಕೆಂದರೆ ಬೇರೆ ಮನೆಗಳಲ್ಲಿ ತಿಂಗಳ ಆ ದಿನಗಳಲ್ಲಿ ಹೆಂಗಸರು ಮೂಲೆಗೆ ಕೂರುತ್ತಿದ್ದರು. ಲಿಂಗ ಕಟ್ಟಿದವರಿಗೆ ಆ ಸೂತಕವಿಲ್ಲ ಎನ್ನುವುದರಲ್ಲಿ ಅಪ್ಪ ಕಟ್ಟುನಿಟ್ಟು. ನಮ್ಮ ಮನೆಯ ಹೆಂಗಸರು ಎಲ್ಲ ದಿನವೂ ಒಲೆ ಮುಟ್ಟುತ್ತಿದ್ದರು, ನೂಲು ಮುಟ್ಟುತ್ತಿದ್ದರು. ಹೀಗಾಗಿ ಯಾರು ಯಾವಾಗ ಎಂದು ಹೊರಗಿನವರಿಗೆ ತಿಳಿಯುವಂತಿರಲಿಲ್ಲ. ಸುಳ್ಳನ್ನು ಒಪ್ಪದ ಮನುಷ್ಯನ ಧರ್ಮವೇ ಸುಳ್ಳಿಗೆ ಆಸರೆಯಾಯಿತು. ಆದರೂ ಅವ್ವನಿಗೆ ಸಮಾಧಾನವಿರಲಿಲ್ಲ. ಗಿರಿಜಾಳ ಬಟ್ಟೆ ಒಗೆದು ಹಿತ್ತಲಿನಲ್ಲಿ ಒಣಹಾಕುವ ದಿನ, ಹಳೆಯ ಸೀರೆಯ ಇನ್ನಷ್ಟು ತುಂಡುಗಳನ್ನು ನೀರಲ್ಲಿ ಅದ್ದಿ ಪಕ್ಕದಲ್ಲೇ ಒಣಹಾಕುತ್ತಿದ್ದಳು. ಪಕ್ಕದ ಮನೆಯವರ ಕಣ್ಣಿಗೆ ಲೆಕ್ಕ ಸರಿಹೋಗಲಿ ಎಂದು. ಇಷ್ಟು ಮುತುವರ್ಜಿಯಿಂದ ಅವಳು ಬೇರೆ ಯಾವ ಕೆಲಸವನ್ನೂ ಮಾಡಿದ್ದು ನಾನು ನೋಡಿಲ್ಲ.

ಕಷ್ಟವಿದ್ದುದು ಹುನಗುಂದದ ಅತ್ತೆಯಿಂದ. ಅವಳು ಸಂತೆಗೋ ಸೀರೆಗೋ ಇಳಕಲ್ಲಿಗೆ ಬಂದಾಗಲೆಲ್ಲ ನಮ್ಮಲ್ಲಿ ಊಟ ಮಾಡಿ, ಕೈ ತೊಳೆದು, ಅವ್ವನನ್ನು ಹಿತ್ತಲಿಗೆ ಕರೆದು ನನ್ನ ಬಗ್ಗೆ ಕೇಳುತ್ತಿದ್ದಳು.

"ಶಾಂತವ್ವ, ನೀಲಾಂದು ಹೆಂಗ ಮತ್ತ? ಎಲ್ಲಾ ಬರೋಬರಿ ಐತಿಲ್ಲ?"

"ಬರೋಬರಿ ಐತ್ರಿ ವೈನಿ. ಹತ್ತನೇತ್ತೆ ಒಂದು ಮುಗೀಲಿ, ಆಮ್ಯಾಲ ನೋಡೂಣು."

"ನೋಡೂಣಂತ. ಸುಮ್ನ ಕೇಳಿದೆ."

ಅತ್ತೆ ಹೋದ ಮೇಲೆ ಅವ್ವ ಗಟಗಟ ನೀರು ಕುಡಿಯುತ್ತಿದ್ದಳು. ಮದುವೆಗೆ ಅವಸರ ಮಾಡುತ್ತಿದ್ದಾಳೆ, ಇನ್ನೆಷ್ಟು ದಿನ ದೂಡಲಿ ಎಂದು ಆಯಿಯ ಮುಂದೆ ಗೋಳಾಡುತ್ತಿದ್ದಳು. ಆಯಿ ಈಗ ಅಷ್ಟು ಜೋರಾಗಿ ಮಾತಾಡುತ್ತಿರಲಿಲ್ಲ. ಎಲ್ಲವೂ ಸರಿಹೋಗುತ್ತದೆ ಎಂದು ಹೇಳಿ ಬೀದಿಯ ಕಡೆ ತಿರುಗುತ್ತಿದ್ದಳು.

ಹತ್ತನೆಯ ತರಗತಿಯ ಪರೀಕ್ಷೆ ಮುಗಿದ ಮೇಲೆ ಅವ್ವ ನನ್ನನ್ನು ಬಾಗಲಕೋಟೆಯ ಹೆಣ್ಣು ಡಾಕ್ಟರ ಹತ್ತಿರ ಕರೆದೊಯ್ದಳು. ಓಣಿಯಲ್ಲಿ ಹೇಳಿದ್ದು ನನ್ನ ಕಣ್ಣು ತೋರಿಸಲು ಎಂದು. ಬಸ್ಸು ಹುನಗುಂದದಲ್ಲಿ ನಿಲ್ಲುತ್ತದೆ, ಈರಣ್ಣನ ಸೈಕಲ್ ಅಂಗಡಿ ನೇರ ಎದುರಿಗೆ. ಅವ್ವ ಸೆರಗನ್ನು ಮೂಗಿನವರೆಗೆ ಎಳೆದುಕೊಂಡು, ನನ್ನ ತಲೆಯನ್ನು ತನ್ನ ತೊಡೆಯ ಮೇಲೆ ಒತ್ತಿಹಿಡಿದಳು. ಕಂಡಕ್ಟರ್ ಬಂದು, ಹುಡುಗಿಗೆ ವಾಂತಿ ಬರುವ ಹಾಗಿದ್ದರೆ ಕಿಟಕಿಗೆ ಬರ್ರಿ ಅಂದ. ನನಗೆ ನಗು ಬಂತು, ಅವ್ವ ನನ್ನ ತಲೆಯನ್ನು ಇನ್ನೂ ಬಿಗಿಯಾಗಿ ಒತ್ತಿದಾಗ ನಗು ಹೋಯಿತು. ಡಾಕ್ಟರು ನನ್ನನ್ನು ನೋಡಿ, ಕಣ್ಣಿನ ರೆಪ್ಪೆ ಮಗುಚಿ, ಹೊಟ್ಟೆ ಒತ್ತಿ, ಅವ್ವನಿಗೆ ಹೇಳಿದರು.

"ಎಲ್ಲಾ ಸರಿ ಅದ. ಕೆಲವು ಹುಡುಗ್ಯಾರಿಗೆ ತಡಾ ಆಗತದ. ಗಾಬರಿ ಆಗಬ್ಯಾಡ್ರಿ, ಕಾಯ್ರಿ."

"ಎಷ್ಟು ದಿನ ಕಾಯೂಣ್ರಿ?"

"ಅದು ನನ್ನ ಕೈಯಾಗ ಇಲ್ಲವಾ. ನಿಮಗೇನು ಅಷ್ಟು ಅವಸರ?"

ಅವಸರ ಏನೆಂದು ಅವ್ವ ಹೇಳುವ ಹಾಗಿರಲಿಲ್ಲ. ಟಾನಿಕ್ಕಿನ ಬಾಟಲಿ ಸೆರಗಿನಲ್ಲಿ ಮುಚ್ಚಿಕೊಂಡು ಬಂದೆವು. ತಿರುಗಿ ಬರುವಾಗ ಅವ್ವ ಕಿಟಕಿಯ ಕಡೆ ಮುಖ ಮಾಡಿ ದಾರಿಯುದ್ದಕ್ಕೂ ಏನನ್ನೋ ಯೋಚಿಸುತ್ತಿದ್ದಳು. ಮುಂದಿನ ಸಲ ಅತ್ತೆ ಬಂದು ಅದೇ ಪ್ರಶ್ನೆ ಕೇಳಿದಾಗ ಅವ್ವ ಉತ್ತರ ಸಿದ್ಧಮಾಡಿಕೊಂಡಿದ್ದಳು. ನಾನು ಅಡುಗೆಮನೆಯಲ್ಲಿದ್ದೆ, ಮಾತೆಲ್ಲ ಕೇಳಿಸಿತು.

"ವೈನಿ, ನೀಲಾ ಓದ್ತೇನಿ ಅಂತ ಹಟ ಹಿಡದಾಳ್ರಿ. ಮಾಸ್ತರಕಿ ಓದಾಕ ಕಳಸೂಣು ಅಂತ ಅವರಪ್ಪನೂ ಅಂತಾರ. ಅದಕ್ಕ, ಗಿರಿಜಾನ್ನ ಮಾಡ್ಕೋರಿ. ಇಬ್ರೂ ನಿಮ್ಮ ಮನಿ ಮಕ್ಕಳs ಅಲ್ರಿ?"

ಅತ್ತೆ ಕೈಯಲ್ಲಿದ್ದ ತಂಬಿಗೆಯನ್ನು ಕಲ್ಲಿನ ಮೇಲೆ ಇಟ್ಟ ಸದ್ದಾಯಿತು.

"ಗಿರಿಜಾನ? ಆಕಿ ಇನ್ನೂ ಸಣ್ಣಾಕಿ ಅದಾಳಲ್ಲ ಶಾಂತವ್ವ."

"ಮೈಕಟ್ಟಿನ್ಯಾಗ ದೊಡ್ಡಾಕಿನs ಕಾಣತಾಳ್ರಿ. ಒಲ್ಲೆ ಅನಬ್ಯಾಡ್ರಿ."

ನಾನು ಹಟ ಹಿಡಿದಿರಲಿಲ್ಲ. ಓದುವ ಮಾತೇ ಆಡಿರಲಿಲ್ಲ. ಹತ್ತನೆಯದರಲ್ಲಿ ನನ್ನ ಅಂಕ ಹಟ ಹಿಡಿಯುವಷ್ಟು ಇರಲೂ ಇಲ್ಲ. ಆದರೆ ಅವ್ವ ಹೇಳಿಬಿಟ್ಟ ಮೇಲೆ ಅದನ್ನು ನಿಜ ಮಾಡಲೇಬೇಕಾಯಿತು. ನಾನು ಕಾಲೇಜಿಗೆ ಹೆಸರು ಹಚ್ಚಿದೆ. ಮುಂದೆ ಬದುಕಿಡೀ ಮಕ್ಕಳಿಗೆ ಪಾಠ ಹೇಳಿದ ನನ್ನನ್ನು, ಓದುವ ಹಂಬಲ ಹೇಗೆ ಬಂತು ಎಂದು ಯಾರಾದರೂ ಕೇಳಿದರೆ ನಾನು ಬೇರೆ ಮಾತಿಗೆ ಹೊರಳುತ್ತಿದ್ದೆ. ಅಪ್ಪ ಗಿರಿಜಾಳ ಮದುವೆಗೆ ಬೇಡ ಅಂದ, ಎರಡು ದಿನ ಸರಿಯಾಗಿ ಉಣ್ಣಲಿಲ್ಲ, ಮೂರನೆಯ ದಿನ ಮದುವೆಯ ಸೀರೆಗೆ ನೂಲು ಹೂಡಿದ. ಗಿರಿಜಾ ಎಂಟನೆಯ ತರಗತಿಯ ಪುಸ್ತಕಗಳನ್ನು ಪಕ್ಕದ ಮನೆಯ ಹುಡುಗಿಗೆ ಕೊಟ್ಟಳು. ಅವಳಿಗೆ ಮದುವೆಯಲ್ಲಿ ಹಿಡಿಸಿದ್ದು ಹೊಸ ಚಪ್ಪಲಿ. ಹಿಮ್ಮಡಿ ಎತ್ತರವಿದ್ದ ಅವುಗಳನ್ನು ಮೆಟ್ಟಿಕೊಂಡು ಮನೆಯೊಳಗೆಲ್ಲ ಟಕಟಕ ಓಡಾಡಿದಳು. ಹುನಗುಂದದ ಬಸ್ಸು ಹತ್ತಿ ಕೂತ ಮೇಲೆ, ನಾವು ಕೆಳಗೇ ನಿಂತಿರುವುದನ್ನು ನೋಡಿ, ನೀವು ಹತ್ತುವುದಿಲ್ಲವೇ ಎಂದು ಕೇಳಿದಳು. ಆಮೇಲೆ ಅತ್ತಳು.

ಆ ವರ್ಷದ ಶ್ರಾವಣದಲ್ಲಿ ನಾನು ದೊಡ್ಡವಳಾದೆ. ಮಧ್ಯಾಹ್ನ ಕಾಲೇಜಿನಿಂದ ಬಂದು, ಹಿತ್ತಲಿಗೆ ಹೋಗಿ, ನೋಡಿಕೊಂಡು, ನಂಬದೆ ಮತ್ತೆ ನೋಡಿಕೊಂಡು, ಅಡುಗೆಮನೆಗೆ ಬಂದು ಅವ್ವನಿಗೆ ಹೇಳಿದೆ. ಅವ್ವ ಒಲೆಯ ಮುಂದಿನಿಂದ ಏಳಲಿಲ್ಲ. ರೊಟ್ಟಿ ಬಡಿಯುವ ಕೈ ಹಿಟ್ಟಿನಲ್ಲೇ ಇಟ್ಟುಕೊಂಡು ನನ್ನನ್ನು ನೋಡಿ, ನಕ್ಕು, ಕಣ್ಣು ಒರೆಸಿಕೊಳ್ಳಲು ಹೋಗಿ ಮುಖಕ್ಕೆಲ್ಲ ಹಿಟ್ಟು ಮಾಡಿಕೊಂಡಳು. ಆಯಿ ಬಾಗಿಲಲ್ಲೇ ಕೂತು ಎರಡೂ ಕೈಯಿಂದ ನನ್ನ ದೃಷ್ಟಿ ತೆಗೆದು ನೆಟಿಗೆ ಮುರಿದಳು. ನನಗೆ ಬೇರೇನೂ ಅನ್ನಿಸಲಿಲ್ಲ. ಸಂಗವ್ವನ ಮನೆಯ ಮುಂದೆ ಇನ್ನು ನೆಟ್ಟಗೆ ನೋಡಿಕೊಂಡು ಹೋಗಬಹುದು ಎನ್ನಿಸಿತು.

ಶ್ರಾವಣವಾದ್ದರಿಂದ ಹುಸೇನಬಿ ಬಳೆಯ ಬುಟ್ಟಿ ಇಳಿಸಿಕೊಂಡು ನಮ್ಮ ಕಟ್ಟೆಯ ಮೇಲೇ ಕೂತಿದ್ದಳು. ಅಪ್ಪನಿಗೆ ಒಳಗಿನ ಮಾತು ಕೇಳಿಸಿರಬೇಕು. ಅವನು ಮಗ್ಗ ನಿಲ್ಲಿಸಿ, ಕುಣಿಯಿಂದ ಮೇಲೆ ಬಂದು, ಧೋತರ ಕೊಡವಿಕೊಂಡು ಬಾಗಿಲಿಗೆ ನಡೆದ. ಅವನು ಏನು ಮಾಡಲಿದ್ದಾನೆಂದು ಅವ್ವನಿಗೆ ತಿಳಿಯುವಷ್ಟರಲ್ಲಿ ಮಾತು ಆಗಿಹೋಗಿತ್ತು.

"ಹುಸೇನಬಿ, ನಮ್ಮ ನೀಲಾಗ ಹಸರ ಬಳಿ ಇಡು. ಆಕಿ ಇವತ್ತ ದೊಡ್ಡಾಕಿ ಆಗ್ಯಾಳ."

ಅವ್ವ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ಏನೋ ಹೇಳಿ ಮುಚ್ಚಲು ಬಾಯಿ ತೆರೆದಳು. ಹುಸೇನಬಿ ಅಪ್ಪನನ್ನಲ್ಲ, ಅವ್ವನನ್ನೂ ಅಲ್ಲ, ನನ್ನನ್ನು ನೋಡಿ, ಬಾ ಎಂದು ಪಕ್ಕದಲ್ಲಿ ಕೂಡಿಸಿಕೊಂಡು ಕೈ ಹಿಡಿದಳು.

"ಭಾಳ ಚಲೋ ಆತು ಅಣ್ಣಾ. ನಾವೆಲ್ಲಾ ಅದನs ಕಾಯಾಕತ್ತಿದ್ವಿ."

"ನಾವೆಲ್ಲಾ ಅಂದ್ರ?" ಅಂದಳು ಅವ್ವ.

"ಓಣ್ಯಾಗಿನ ಹೆಂಗಸರು ಶಾಂತಕ್ಕ. ಇಬ್ರು ಹುಡುಗ್ಯಾರ ಬಟ್ಟಿ ತಿಂಗಳಾ ತಿಂಗಳಾ ಒಂದs ದಿನ ಒಣಗತಾವು ಅಂದ್ರ ಯಾರಿಗೆ ತಿಳ್ಯಾಂಗಿಲ್ಲ? ಆರತಿ ದಿನಾನs ಗೊತ್ತಿತ್ತು ಬಿಡು. ಕೂಸಿಗೆ ಬ್ಯಾಸರ ಆಗಬಾರದಂತ ಹಾಡಿ ಬಂದ್ವಿ."

"ನಮ್ಮ ವೈನಿಗೆ?"

"ಹುನಗುಂದದಾಕೀಗೇನು? ಆಕಿನs ಅವತ್ತು ನನ್ನ ಕಿವ್ಯಾಗ ಹೇಳಿದ್ಲಲ್ಲ. ದೊಡ್ಡ ಹುಡುಗೀ ಕೈ ಗಟ್ಟಿ ಹಿಚಕಬ್ಯಾಡ ಹುಸೇನಬಿ, ಅದಿನ್ನೂ ಕೂಸಿನ ಕೈ ಐತಿ, ಅದು ಆಗೂತನಕಾ ನಾವು ಕಾಯ್ತೇವಿ ಅಂತ. ಆಕಿ ಬಂದಾಗೊಮ್ಮೆ ನಿನ್ನ ಕೇಳತಿದ್ದಿಲ್ಲೇನು, ನೀಲಾಂದು ಹೆಂಗ ಅಂತ? ಮತ್ತೇನು ಕೇಳತಿದ್ಲು ಅಂತ ತಿಳದಿದ್ದಿ?"

ಹುಸೇನಬಿ ಮೊದಲ ಬಳೆಯನ್ನು ನನ್ನ ಮುಂಗೈ ದಾಟಿಸಿದಳು. ಅಪ್ಪ ಬಾಗಿಲಿಗೆ ಒರಗಿ ನಿಂತಿದ್ದ. ಅವ್ವ ಕಟ್ಟೆಯ ಅಂಚಿನಲ್ಲಿ ಕೂತು, ಎದುರು ಮನೆಯ ಗೋಡೆಯನ್ನು ನೋಡುತ್ತ, ನಮ್ಮಲ್ಲಿ ಯಾರನ್ನೆಂದು ಗೊತ್ತಾಗದ ಹಾಗೆ ಕೇಳಿದಳು.

"ಹಂಗಾರ ನಾ ಗಿರಿಜಾನ್ನ ಯಾಕ ಕೊಟ್ಟೆ?"